42 ಜಾಗ, 7 ದಿನ: ಐಸ್‌ಲ್ಯಾಂಡ್‌ಗೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ನಾವು ಮೂವರು ಗೆಳೆಯರು, ಮೂವರಿಗೂ ಫೋಟೋ ಹುಚ್ಚು. ಸೆಪ್ಟೆಂಬರ್ ಕೊನೆಯ ವಾರ ಐಸ್‌ಲ್ಯಾಂಡ್‌ಗೆ ಹೊರಟಿದ್ದೇವೆ. ಒಟ್ಟು 7 ದಿನ. ಕಾರು ಬಾಡಿಗೆಗೆ ತಗೊಂಡು, ದೇಶವನ್ನೇ ಸುತ್ತು ಹಾಕುವ ಹೆದ್ದಾರಿ ರಿಂಗ್ ರೋಡ್ ಪೂರ್ತಿ ಸುತ್ತುವ ಪ್ಲ್ಯಾನ್. 42 ಜಾಗಗಳ ಪಟ್ಟಿ ಜೊತೆಗಿದೆ. ಏನಾದರೂ ಬಿಟ್ಟುಹೋಗಿದೆಯಾ? - ಬೆಂಗಳೂರಿನ ಓದುಗರು

ಉತ್ತರ: ಬಿಟ್ಟುಹೋಗಿದೆ. ಫೋಟೋ ತೆಗೆಯಲು ಸಮಯ ಬಿಟ್ಟುಹೋಗಿದೆ.

ತಿಂಗಳಿಗೆ ನಾಲ್ಕೈದು ಸಲ ಈ ಪ್ರಶ್ನೆ ಬರುತ್ತದೆ. ಊರು ಬೇರೆ, ಪಟ್ಟಿ ಮಾತ್ರ ಅದೇ. ಯಾರೋ ಯೂಟ್ಯೂಬಿನಲ್ಲಿ ಮಾರುವ ಪಿಡಿಎಫ್‌ನಿಂದ ಇಳಿಸಿದ್ದು ಅಂತ ನೋಡಿದರೆ ಗೊತ್ತಾಗುತ್ತದೆ. ಲೆಕ್ಕ ಹಾಕೋಣ ಬನ್ನಿ. ರಿಂಗ್ ರೋಡ್ ಸುಮಾರು 1,320 ಕಿಲೋಮೀಟರ್. ಬಂದಿಳಿಯುವ ದಿನ, ಹೊರಡುವ ದಿನ ಕಳೆದರೆ ಕೈಯಲ್ಲಿ ಉಳಿಯುವುದು 5 ದಿನ. ದಿನಕ್ಕೆ 264 ಕಿಲೋಮೀಟರ್. ಊರ ಹೊರಗಿನ ಡಾಂಬರು ರಸ್ತೆಯಲ್ಲಿ ವೇಗದ ಮಿತಿ 90. ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳು, ದಾರಿಗೆ ಅಡ್ಡ ಬರುವ ಕುರಿಗಳು, ಪೆಟ್ರೋಲು, ಕಾಫಿ ಎಲ್ಲ ಸೇರಿ 5 ಗಂಟೆ ಅಂದುಕೊಳ್ಳಿ. ಆ ವಾರ ಹಗಲು ಇರುವುದು ಸುಮಾರು 12 ಗಂಟೆ. ಉಳಿದ 7 ಗಂಟೆಯಲ್ಲಿ ಎಂಟು ಜಾಗ. ಪಾರ್ಕಿಂಗ್‌ಗೆ ದುಡ್ಡು ಕಟ್ಟಿ, ನಡೆದು ಹೋಗಿ, ಟ್ರೈಪಾಡ್ ಬಿಚ್ಚಿ ವಾಪಸ್ ಬರುವುದರಲ್ಲಿ ಒಂದೊಂದಕ್ಕೆ ಅರ್ಧ ಗಂಟೆಯೂ ಉಳಿಯುವುದಿಲ್ಲ. ಬೆಳಗಿನ ಬೆಳಕು ಒಂದು ಜಾಗಕ್ಕೆ ಸಿಕ್ಕಿತು, ಸಂಜೆಯ ಬೆಳಕು ಇನ್ನೊಂದಕ್ಕೆ. ಮಿಕ್ಕ ಆರು ಜಾಗವನ್ನು ಮಟಮಟ ಮಧ್ಯಾಹ್ನದಲ್ಲಿ ತೆಗೆದು ಏನು ಮಾಡುತ್ತೀರಿ?

ನನ್ನ ಮಾತು ಕೇಳುವುದಾದರೆ ದೇಶದ ಉತ್ತರ ಭಾಗವನ್ನು ಪೂರ್ತಿ ಬಿಡಿ. ರಾಜಧಾನಿ ರೇಕ್ಯಾವಿಕ್‌ನಿಂದ ದಕ್ಷಿಣ ಕರಾವಳಿ ಹಿಡಿದು ಹೋಫ್ನ್ ಊರಿನ ತನಕ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಹೋಗುವಾಗ ಸುಮಾರು 460 ಕಿಲೋಮೀಟರ್, ಬರುವಾಗಲೂ ಅಷ್ಟೇ. ವೀಕ್ ಊರಿನ ಹತ್ತಿರ 2 ರಾತ್ರಿ, ಯೋಕುಲ್ಸಾರ್ಲೋನ್ ಸರೋವರದ ಆಸುಪಾಸಿನಲ್ಲಿ 3 ರಾತ್ರಿ, ಕೊನೆಯದು ಏರ್‌ಪೋರ್ಟ್ ಬಳಿ. "ಅದೇ ದಾರೀಲಿ ಎರಡು ಸಲ ಯಾಕೆ ಸಾರ್?" ಅಂತ ಎಲ್ಲರೂ ಕೇಳುತ್ತಾರೆ. ಹೋಗುವಾಗ ಮಳೆಯಲ್ಲಿ ಕಂಡದ್ದು ಬರುವಾಗ ಬಿಸಿಲಲ್ಲಿ ಕಾಣುತ್ತದೆ, ಅದಕ್ಕೇ. ಒಂದು ದಿನ ಬಿರುಗಾಳಿಗೆ ರಸ್ತೆ ಮುಚ್ಚಿದರೂ ಪ್ಲ್ಯಾನ್ ಕುಸಿಯುವುದಿಲ್ಲ. ಶರತ್ಕಾಲದಲ್ಲಿ ಅಲ್ಲಿ ರಸ್ತೆ ಮುಚ್ಚುವುದು ಹೊಸದೇನಲ್ಲ.

ಮೂರು ರಾತ್ರಿ ಒಂದೇ ಕಡೆ ಏನು ಮಾಡುವುದು? ಯೋಕುಲ್ಸಾರ್ಲೋನ್ ಸರೋವರಕ್ಕೆ ಹಿಮನದಿಯಿಂದ ಮುರಿದು ಬಿದ್ದ ಮಂಜುಗಡ್ಡೆಗಳು ಸಮುದ್ರಕ್ಕೆ ತೇಲಿ ಹೋಗಿ, ಅಲೆಗಳ ಜೊತೆ ಕಪ್ಪು ಮರಳಿನ ದಂಡೆಗೆ ವಾಪಸ್ ಬರುತ್ತವೆ. ಇವತ್ತು ಆನೆ ಗಾತ್ರದ ಗಡ್ಡೆ ಇದ್ದ ಕಡೆ ನಾಳೆ ಬರೀ ಮರಳು. ನಿಮಗೆ ಒಪ್ಪುವ ಒಂದು ತುಂಡು ಹುಡುಕಿ. ಟ್ರೈಪಾಡ್ ಕಾಲುಗಳನ್ನು ಮರಳಿಗೆ ಒತ್ತಿ ಊರಿ. ಶಟರ್ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡ್. ಅಲೆ ಮೇಲೆ ಬರುವಾಗ ಒತ್ತಬೇಡಿ. ಹಿಂದೆ ಸರಿಯುವಾಗ ಒತ್ತಿದರೆ ನೊರೆ ಎಳೆ ಎಳೆಯಾಗಿ ಗಡ್ಡೆಯ ಸುತ್ತ ಹರಿಯುತ್ತದೆ. ಪ್ರತಿ ಅಲೆಗೂ ಕಾಲುಗಳು ಮರಳಿಗೆ ಸ್ವಲ್ಪ ಸ್ವಲ್ಪ ಇಳಿಯುತ್ತವೆ, ಫ್ರೇಮ್ ವಾಲುತ್ತದೆ, ಮತ್ತೆ ಸರಿ ಮಾಡಬೇಕು. ಹೀಗೆ ಮುಕ್ಕಾಲು ಗಂಟೆ ನಿಂತರೆ ಒಂದು ಚಿತ್ರ ಸಿಗುತ್ತದೆ. ನಾನು ಒಂದಿಡೀ ಬೆಳಿಗ್ಗೆ ನಿಂತು ಏನೂ ಸಿಗದೆ ಬಂದದ್ದೂ ಇದೆ. 42 ಜಾಗದ ಪಟ್ಟಿ ಹಿಡಿದವರಿಗೆ ಈ ಮುಕ್ಕಾಲು ಗಂಟೆ ಎಲ್ಲಿಂದ ಬರಬೇಕು?

ಸ್ಕೋಗಾಫಾಸ್ ಜಲಪಾತವೂ ಹಾಗೆಯೇ. ಎತ್ತರ 60 ಮೀಟರ್, ನಮ್ಮ ಜೋಗದ ಕಾಲು ಭಾಗಕ್ಕಿಂತ ಕಡಿಮೆ. ಆದರೆ ಜೋಗವನ್ನು ನಾವು ಹೆಚ್ಚಾಗಿ ಎದುರಿನ ದಂಡೆಯಿಂದ ನೋಡುತ್ತೇವೆ. ಇಲ್ಲಿ ಬುಡಕ್ಕೇ ಹೋಗಬಹುದು. ಅಲ್ಲಿ ತುಂತುರು ಲೆನ್ಸ್ ಮೇಲೆ ಕೂರುತ್ತದೆ. ಒಣ ಬಟ್ಟೆ ಐದಾರು ಇರಲಿ. ಕ್ಯಾಮೆರಾವನ್ನು ಕೆಳಮುಖ ಮಾಡಿ ಒರೆಸಿ, ಎತ್ತಿ, ಒತ್ತಿ, ಮತ್ತೆ ಇಳಿಸಿ. ಬಿಸಿಲು ಬೆನ್ನಿಗಿದ್ದರೆ ಎದುರಿಗೆ ಕಾಮನಬಿಲ್ಲು. ಆಗ ಪೋಲರೈಸರ್ ಫಿಲ್ಟರನ್ನು ನೋಡಿಕೊಂಡು ತಿರುಗಿಸಿ. ತಪ್ಪು ಕಡೆ ತಿರುಗಿಸಿದರೆ ಬಿಲ್ಲೇ ಮಾಯ.

ಇನ್ನು ಗಾಳಿಯ ಮಾತು. ಇದು ಯಾವ ಪಿಡಿಎಫ್‌ನಲ್ಲೂ ಇರುವುದಿಲ್ಲ. ಕಾರನ್ನು ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ತೆಗೆಯಿರಿ. ನನ್ನ ಜೊತೆ ಬಂದವರೊಬ್ಬರು ಹಿಂದಿನಿಂದ ಗಾಳಿ ಬೀಸುವಾಗ ಒಂದೇ ಕೈಯಲ್ಲಿ ತೆಗೆದರು. ಬಾಗಿಲು ಮುಂದಕ್ಕೆ ಮಡಚಿಕೊಂಡು ಹಿಂಜ್ ಬಾಗಿತು. ಇನ್ಶೂರೆನ್ಸ್ ಪೂರ್ತಿ ಇದೆ ಅಂತ ಧೈರ್ಯವಾಗಿದ್ದೆವು. ಗಾಳಿಯಿಂದ ಬಾಗಿಲಿಗಾದ ಹಾನಿ ಅದರಲ್ಲಿ ಸೇರಿಲ್ಲ ಎಂದರು. ಕಟ್ಟಿದ ದುಡ್ಡಿನಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಲೆನ್ಸ್ ಬರುತ್ತಿತ್ತು.

ಪ್ರಶ್ನೆ: ಜೂನ್‌ನಲ್ಲಿ ಹೋದರೆ ನಾರ್ದರ್ನ್ ಲೈಟ್ಸ್ (ರಾತ್ರಿ ಆಕಾಶದ ಬಣ್ಣದ ಬೆಳಕು, ಅರೋರಾ) ಕಾಣುತ್ತದೆಯೇ?

ಕತ್ತಲೆಯೇ ಆಗದ ಆಕಾಶದಲ್ಲಿ ಏನು ಕಾಣುತ್ತದೆ ಹೇಳಿ?

ಪ್ರಶ್ನೆ: ಅರೋರಾ ಎಷ್ಟು ಜೋರಾಗಿರಬಹುದು ಅಂತ ಅಂದಾಜಿಸುವ ಅಳತೆ ಕೆಪಿ 5 ಇಲ್ಲದಿದ್ದರೆ ರಾತ್ರಿ ಹೊರಗೆ ಹೋಗುವುದೇ ದಂಡ ಅಂತಾರೆ, ನಿಜವಾ?

ಸುಳ್ಳು. ದಕ್ಷಿಣದ ದೇಶಗಳಲ್ಲಿ ಕುಳಿತವರಿಗೆ ಆ ಮಾತು ಸರಿ. ಐಸ್‌ಲ್ಯಾಂಡ್ ಆ ಬೆಳಕಿನ ಪಟ್ಟಿಯ ಕೆಳಗೇ ಇದೆ, ಅಲ್ಲಿ ಕೆಪಿ 2 ಇದ್ದರೂ ಸಾಕು. ನೋಡಬೇಕಾದ್ದು ಮೋಡ. ಅಲ್ಲಿನ ಹವಾಮಾನ ಇಲಾಖೆಯವರು ಮೋಡದ ನಕ್ಷೆ ಕೊಡುತ್ತಾರೆ. "ಅರೋರಾ ಗ್ಯಾರಂಟಿ" ಅಂತ ದುಡ್ಡು ಕೇಳುವವರನ್ನು ಕಂಡರೆ ದೂರ ಇರಿ.

ಪ್ರಶ್ನೆ: ಫೋರ್ ವೀಲ್ ಡ್ರೈವ್ ತಗೊಂಡರೆ ರಸ್ತೆ ಬಿಟ್ಟು ಒಳಗೆ ಇಳಿಸಬಹುದಲ್ವಾ? ಒಳ್ಳೆ ಆ್ಯಂಗಲ್ ಸಿಗುತ್ತೆ.

ಇಳಿಸಬೇಡಿ. ಅಪರಾಧ ಅದು, ದಂಡವೂ ದೊಡ್ಡದು. ಫೋರ್ ವೀಲ್ ಡ್ರೈವ್ ಬೇಕಾಗುವುದು ಎಫ್ ಅಕ್ಷರದಿಂದ ಶುರುವಾಗುವ ಸಂಖ್ಯೆಯ ಬೆಟ್ಟದ ದಾರಿಗಳಿಗೆ. ಅವೂ ದಾರಿಗಳೇ, ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತವೆ. 1783ರ ಲಾಕಿ ಸ್ಫೋಟದ ಲಾವಾ ಮೇಲೆ ಈಗ ಹಾಸಿಗೆಯಂಥ ಪಾಚಿ ಬೆಳೆದಿದೆ. ಒಮ್ಮೆ ಚಕ್ರ ಹರಿದರೆ ಆ ಗುರುತು ಮಾಸಲು ದಶಕಗಳೇ ಬೇಕು. ಫ್ಯಾದ್ರಾರ್‌ಗ್ಲ್ಯೂಫುರ್ ಕಣಿವೆ ಒಂದು ಹಾಡಿನ ವಿಡಿಯೋದಲ್ಲಿ ಕಂಡಿದ್ದೇ ತಡ, ಜನ ಮುಗಿಬಿದ್ದರು. 2019ರಲ್ಲಿ ಅದನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು.

ಪ್ರಶ್ನೆ: ಯಾವ ಕ್ಯಾಮೆರಾ ಕೊಳ್ಳಲಿ?

ಇರುವುದನ್ನೇ ತಗೊಂಡು ಹೋಗಿ. ಉಳಿದ ದುಡ್ಡಿಗೆ ಒಳ್ಳೆಯ ಮಳೆ ಪ್ಯಾಂಟ್.

ಪ್ರಶ್ನೆ: ಡ್ರೋನ್?

ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಬೇಕು. ಆ ಗಾಳಿಯಲ್ಲಿ ನಾನಂತೂ ಹಾರಿಸುವುದಿಲ್ಲ.

ಪ್ರಶ್ನೆ: ರೇನಿಸ್‌ಫ್ಯಾರಾದ ಕಪ್ಪು ಬೀಚಿನಲ್ಲಿ ಅಲೆಗೆ ಹತ್ತಿರ ನಿಂತು ತೆಗೆಯಲು ಯಾವ ಲೆನ್ಸ್?

ಉದ್ದನೆಯದು, ದೂರದಿಂದ. ಅಲ್ಲಿ ಜನ ಸತ್ತಿದ್ದಾರೆ. ಹತ್ತು ಅಲೆ ಸುಮ್ನೆ ಬಂದು ಹೋಗುತ್ತವೆ, ಹನ್ನೊಂದನೆಯದು ಸೊಂಟದ ಮಟ್ಟಕ್ಕೆ ಬಂದು ಎಳೆದುಕೊಂಡು ಹೋಗುತ್ತದೆ. ಎಚ್ಚರಿಕೆಯ ದೀಪ ಕೆಂಪಿದ್ದರೆ ಮೇಲೆಯೇ ನಿಲ್ಲಿ. ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರ ಬಗ್ಗೆ ನಾನು ಏನಾದರೂ ಬರೆದರೆ ಸಂಪಾದಕರು ಹೊಡೆದು ಹಾಕುತ್ತಾರೆ.

ಪ್ರಶ್ನೆ: ಸಸ್ಯಾಹಾರಿಗಳು ಏನು ಮಾಡುವುದು?

ಅಡುಗೆಮನೆ ಇರುವ ಗೆಸ್ಟ್‌ಹೌಸ್ ಹಿಡಿಯಿರಿ, ಅವಲಕ್ಕಿ ಒಯ್ಯಿರಿ. ಚಟ್ನಿಪುಡಿಗೆ ಮಾತ್ರ ಗಟ್ಟಿ ಡಬ್ಬಿ ಇರಲಿ, ಕ್ಯಾಮೆರಾ ಬ್ಯಾಗಿನಲ್ಲಂತೂ ಬೇಡ. ನನ್ನ ಲೆನ್ಸಿನ ಫೋಕಸ್ ರಿಂಗ್ ತಿರುಗಿಸಿದರೆ ಇವತ್ತಿಗೂ ಕರಕರ ಅನ್ನುತ್ತದೆ.