ಸೋಫಾದ ಕೆಳಗೆ ಸ್ಕೇಲ್ ಹಿಡಿದು ನೋಡಿ, ಆಮೇಲೆ ರೋಬೋ ವ್ಯಾಕ್ಯೂಮ್

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ. 25–30 ಸಾವಿರ ಕೊಟ್ಟು ರೋಬೋ ವ್ಯಾಕ್ಯೂಮ್, ಅಂದರೆ ತಾನೇ ಓಡಾಡಿ ನೆಲದ ಧೂಳು ಎಳೆದುಕೊಳ್ಳುವ ಯಂತ್ರ, ತಗೊಂಡರೆ ಉಪಯೋಗ ಇದೆಯಾ, ಇಲ್ಲ ಎರಡು ತಿಂಗಳಿಗೆ ಅಟ್ಟ ಸೇರುತ್ತದಾ? ಮನೆಕೆಲಸದವರನ್ನು ಬಿಡಿಸಬಹುದಾ?

ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬಿಡಿಸಲು ಆಗುವುದಿಲ್ಲ. ಆ ಲೆಕ್ಕದಲ್ಲಿ ತಗೊಳ್ಳುವುದಾದರೆ ಬೇಡ. ಉಳಿದದ್ದು ನಿಮ್ಮ ಮನೆಯ ನೆಲದ ಮೇಲಿದೆ. ಯಂತ್ರ ಯಾವುದು ಅನ್ನುವುದು ಆಮೇಲಿನ ಮಾತು. ಇದನ್ನು ನಾನು ಇಷ್ಟು ಧೈರ್ಯವಾಗಿ ಹೇಳಲು ಕಾರಣ, ಒಂದೇ ಯಂತ್ರವನ್ನು ಎರಡು ಮನೆಗಳಲ್ಲಿ ಓಡಿಸಿ ನೋಡಿದ್ದೇನೆ. ಒಂದು ಮನೆಯಲ್ಲಿ ಅದು ಬಂಗಾರ. ಇನ್ನೊಂದರಲ್ಲಿ ಶುದ್ಧ ತಲೆನೋವು.

ಮೊದಲು ಬಂಗಾರದ ಕಥೆ. ನಮ್ಮದು ಕನಕಪುರ ರಸ್ತೆಯ ಕಡೆ ಏಳನೇ ಮಹಡಿಯ ಫ್ಲ್ಯಾಟ್. ಯಂತ್ರ ಬಂದು ಮೂರು ವರ್ಷ ದಾಟಿದೆ. ಸುತ್ತ ಯಾವಾಗಲೂ ಒಂದಲ್ಲ ಒಂದು ಕಟ್ಟಡ ಏಳುತ್ತಲೇ ಇರುತ್ತದೆ, ಹಾಗಾಗಿ ಧೂಳಿಗೆ ಬರವಿಲ್ಲ. ಯಂತ್ರ ತಂದ ದಿನ ಬೆಳಗ್ಗೆ ತಾನೇ ಮನೆ ಗುಡಿಸಿ ಒರೆಸಿ ಆಗಿತ್ತು. ಸುಮ್ನೆ ನೋಡೋಣ ಅಂತ ಮಧ್ಯಾಹ್ನ ಓಡಿಸಿದೆವು. ಮುಗಿದ ಮೇಲೆ ಕಸದ ಡಬ್ಬಿ ತೆಗೆದರೆ ಒಳಗೆ ಬೂದು ಬಣ್ಣದ ಹತ್ತಿಯಂಥ ಉಂಡೆ. ನಮ್ಮ ಮನೆಯವರು ಡಬ್ಬಿ ನೋಡಿದರು, ನೆಲ ನೋಡಿದರು, ಏನೂ ಮಾತಾಡಲಿಲ್ಲ.

ಅಷ್ಟೂ ಬಂದದ್ದು ಮಂಚದ ಕೆಳಗಿನಿಂದ, ಸೋಫಾದ ಹಿಂದಿನಿಂದ. ಅಲ್ಲಿಗೆ ಬಗ್ಗಿ ಗುಡಿಸುವುದು ದಿನಾ ಯಾರಿಗೂ ಆಗದ ಕೆಲಸ, ನನಗಂತೂ ಆಗುತ್ತಿರಲಿಲ್ಲ. ಜೊತೆಗೆ ಪೊರಕೆಗೆ ಇನ್ನೊಂದು ಗುಣ ಇದೆ. ದಪ್ಪ ಕಸವನ್ನು ಚೆನ್ನಾಗಿ ತಳ್ಳುತ್ತದೆ, ಆದರೆ ನುಣ್ಣನೆಯ ಧೂಳನ್ನು ಗಾಳಿಗೆ ಎಬ್ಬಿಸುತ್ತದೆ. ಫ್ಯಾನ್ ತಿರುಗುತ್ತಿದ್ದರೆ ಕೇಳುವುದೇ ಬೇಡ. ಅರ್ಧ ಗಂಟೆಯಲ್ಲಿ ಎಲ್ಲ ಮತ್ತೆ ಟೀಪಾಯಿ ಮೇಲೆ ಕೂತಿರುತ್ತದೆ. ಈ ಯಂತ್ರ ಧೂಳನ್ನು ಎಳೆದು ಡಬ್ಬಿಗೆ ಹಾಕಿಕೊಳ್ಳುತ್ತದೆ. ನನಗೆ ಬೆಳಗಿನ ಸೀನು ಕಡಿಮೆ ಆಯಿತು. ಇದು ನನ್ನ ಅನುಭವ ಮಾತ್ರ, ವೈದ್ಯರ ಮಾತಲ್ಲ.

ಒಂದು ಸಲದ ಕೆಲಸ ನೋಡಿದರೆ ಇದು ಚೆನ್ನಾಗಿ ಗುಡಿಸುವ ಮನುಷ್ಯರಷ್ಟು ಸ್ವಚ್ಛ ಮಾಡುವುದಿಲ್ಲ. ಮೈ ಗುಂಡಗೆ, ಮೂಲೆ ಚೌಕ. ಪಕ್ಕದ ಪುಟ್ಟ ಬ್ರಷ್ ತಿರುಗಿಸಿ ಎಳೆದುಕೊಂಡರೂ ಮೂಲೆಯಲ್ಲಿ ಚೂರು ಉಳಿಯುತ್ತದೆ. ಆದರೆ ಅದು ದಿನಾ ಮಾಡುತ್ತದೆ. ಯುಗಾದಿಗೂ ರಜೆ ಇಲ್ಲ. ನಾವು ಆಫೀಸಿಗೆ ಹೋದ ಮೇಲೆ ಹನ್ನೊಂದಕ್ಕೆ ಹೊರಡುತ್ತದೆ, ಒಂದು ಗಂಟೆ ಚಿಲ್ಲರೆ ಓಡಾಡಿ ತನ್ನ ಜಾಗಕ್ಕೆ ಹೋಗಿ ಚಾರ್ಜಿಗೆ ಕೂರುತ್ತದೆ. ಸಂಜೆ ಬಂದು ಬರಿಗಾಲಲ್ಲಿ ನಡೆದರೆ ಅಂಗಾಲಿಗೆ ಏನೂ ಅಂಟುವುದಿಲ್ಲ. ನಾನು ದುಡ್ಡು ಕೊಟ್ಟದ್ದು ಈ ಅಂಗಾಲಿನ ಸುಖಕ್ಕೆ ಅಂದರೂ ತಪ್ಪಿಲ್ಲ.

ಈಗ ತಲೆನೋವಿನ ಮನೆ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಮ್ಮನ ಮನೆ ಇದೆ. ಅಮ್ಮನಿಗೆ ಮಂಡಿ ನೋವು. ಬಗ್ಗಿ ಗುಡಿಸುವುದು ತಪ್ಪಲಿ ಅಂತ ಒಂದು ದೀಪಾವಳಿಗೆ ನಮ್ಮ ಯಂತ್ರವನ್ನೇ ಕಾರಿನಲ್ಲಿ ಹಾಕಿಕೊಂಡು ಹೋದೆ. ಕೆಂಪು ಗಾರೆ ನೆಲ, ನುಣುಪಾಗಿದೆ, ಚೆನ್ನಾಗಿ ಓಡುತ್ತದೆ ಅಂತ ನನ್ನ ಲೆಕ್ಕ. ನೆಲದ ಲೆಕ್ಕ ಸರಿಯೇ ಇತ್ತು. ಹೊಸ್ತಿಲು ಮರೆತಿದ್ದೆ. ಈ ಯಂತ್ರಗಳು ಸಾಮಾನ್ಯವಾಗಿ 2 ಸೆಂಟಿಮೀಟರ್ ಎತ್ತರ ಹತ್ತಿ ದಾಟುತ್ತವೆ. ಅಮ್ಮನ ಮನೆಯಲ್ಲಿ ಜಗಲಿಯಿಂದ ನಡುಮನೆಗೆ ನಾಲ್ಕು ಇಂಚಿನ ಮರದ ಹೊಸ್ತಿಲು, ನಡುಮನೆಯಿಂದ ದೇವರ ಕೋಣೆಗೆ ಇನ್ನೊಂದು, ಅಡುಗೆಮನೆಗೆ ಎರಡು ಮೆಟ್ಟಿಲು ಇಳಿಯಬೇಕು. ನಡುಮನೆಯಲ್ಲಿ ಬಿಟ್ಟರೆ ಅದು ನಡುಮನೆಯಲ್ಲೇ ಕೈದಿ. ಪ್ರತಿ ಕೋಣೆಗೂ ಎತ್ತಿಕೊಂಡು ಹೋಗಿ ಇಡಬೇಕು. ಅದಕ್ಕೂ ಬಗ್ಗಲೇಬೇಕಲ್ಲ! ಮೇಲಿಂದ ಅಲ್ಲಲ್ಲಿ ಚಾಪೆ, ಮಣೆ, ಒಣಗಲು ಹರವಿದ ಅಡಿಕೆ, ಮಂಚದಿಂದ ಇಳಿಬಿದ್ದ ಸೊಳ್ಳೆಪರದೆಯ ಅಂಚು. ಪರದೆಯನ್ನು ಅರ್ಧ ನುಂಗಿ ನಿಂತು ಕೂಗತೊಡಗಿತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ ನೋಡಿ ಹೇಳಿದರು, "ಪಾಪ, ಇದನ್ನ ಎತ್ತಿ ಎತ್ತಿ ದಾಟಿಸೋ ಹೊತ್ತಿಗೆ ನಾನು ಇಡೀ ಮನೆ ಗುಡಿಸಿ ಮುಗಿಸಿರ್ತಿದ್ದೆ."

ವಾಪಸ್ ತಂದೆ. ಅಮ್ಮನಿಗೆ ಉದ್ದ ಹಿಡಿಯ ಪೊರಕೆ, ಉದ್ದ ಹಿಡಿಯ ಕಸದ ಮೊರ ಕೊಡಿಸಿದೆ. ಅದೇ ಸರಿಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ನೆಲವೇ ಬೆವರುತ್ತದೆ. ಇದರ ಹೊಟ್ಟೆಗೆ ಒದ್ದೆ ಹೋಗಬಾರದು. ಹಾಗಾಗಿ ಹೊಸ್ತಿಲು ಇಲ್ಲದಿದ್ದರೂ ಅಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ಕಷ್ಟವೇ ಇತ್ತು.

ನಿಮ್ಮದು ಫ್ಲ್ಯಾಟ್, ಬಹುಶಃ ಟೈಲ್ಸ್ ನೆಲ, ಮುಖ್ಯ ಬಾಗಿಲು ಬಿಟ್ಟರೆ ಹೊಸ್ತಿಲು ಇರಲಿಕ್ಕಿಲ್ಲ. ಅರ್ಧ ಗೆದ್ದಿರಿ. ಉಳಿದರ್ಧ ನೆಲದ ಮೇಲೆ ಏನೇನು ಬಿದ್ದಿರುತ್ತದೆ ಅನ್ನುವುದು. ನಮ್ಮ ಮನೆಯಲ್ಲಿ ಇದರ ದೊಡ್ಡ ಶತ್ರು ಬಟ್ಟೆ ಒಣಹಾಕುವ ಸ್ಟ್ಯಾಂಡ್. ಅದರ ಕೆಳಗಿನ ಕಂಬಿ ಹತ್ತಲು ಬರುವಷ್ಟು ತಗ್ಗು, ಇಳಿಯಲು ಬಾರದಷ್ಟು ಎತ್ತರ. ಹತ್ತಿ ಕೂತು ಚಕ್ರ ಗಾಳಿಯಲ್ಲಿ ತಿರುಗಿಸುತ್ತಾ ಇರುತ್ತದೆ. ಎರಡನೆಯದು ಮೊಬೈಲ್ ಚಾರ್ಜರ್ ವೈರು. ಮೂರನೆಯದು ಕುಚ್ಚು ಇರುವ ಕಾಲೊರೆಸು. ನೆಲದಲ್ಲಿ ಕಪ್ಪು ಗ್ರಾನೈಟ್ ಅಥವಾ ಕಡಪಾ ಕಲ್ಲಿನ ಪಟ್ಟಿ ಇದ್ದರೆ ಅದನ್ನೂ ಗಮನಿಸಿ. ಮೆಟ್ಟಿಲಿಂದ ಬೀಳದಿರಲಿ ಅಂತ ಕೆಳಗೆ ಬೆಳಕು ಬಿಟ್ಟು ನೋಡುವ ಸೆನ್ಸರ್ ಇರುತ್ತದೆ. ಕಪ್ಪು ನೆಲದಿಂದ ಆ ಬೆಳಕು ಸರಿಯಾಗಿ ವಾಪಸ್ ಬರದಿದ್ದರೆ ಅದು ಹಳ್ಳ ಅಂದುಕೊಂಡು ಹಿಂದೆ ಸರಿಯುತ್ತದೆ. ನನ್ನ ಗೆಳತಿಯ ಮನೆಯ ಬಾಗಿಲಲ್ಲಿ ಇಂಥ ಒಂದು ಕಪ್ಪು ಪಟ್ಟಿ ಇದೆ. ಮೂರು ವರ್ಷದಿಂದ ಅವಳ ಯಂತ್ರ ಆ ಕೋಣೆಗೆ ಕಾಲಿಟ್ಟಿಲ್ಲ.

ತಗೊಳ್ಳುವುದಾದರೆ ಮೇಲೆ ಪುಟ್ಟ ಗೋಪುರದಂಥದ್ದು ಇರುವುದನ್ನೇ ತಗೊಳ್ಳಿ. ಅದರೊಳಗೆ ಲೇಸರ್ ಸುತ್ತುತ್ತಾ ಗೋಡೆ ಎಷ್ಟು ದೂರ ಅಂತ ಅಳೆದು ಮನೆಯ ನಕ್ಷೆ ಬರೆದುಕೊಳ್ಳುತ್ತದೆ. ಲಿಡಾರ್ ಅನ್ನುತ್ತಾರೆ. 2002ರಲ್ಲಿ ಅಮೆರಿಕದ ಐರೋಬಾಟ್ ಕಂಪನಿ ತಂದ ಮೊದಲ ರೂಂಬಾಗೆ ಇದೆಲ್ಲ ಇರಲಿಲ್ಲ. ಗೋಡೆಗೆ ಡಿಕ್ಕಿ ಹೊಡೆದು ತಿರುಗಿ ಇನ್ನೊಂದು ಕಡೆ ಹೋಗುತ್ತಿತ್ತು. ಈಗಲೂ ಹತ್ತು ಹನ್ನೆರಡು ಸಾವಿರದ ಕೆಲವು ಯಂತ್ರಗಳು ಹೆಚ್ಚುಕಡಿಮೆ ಹಾಗೇ ಕುರುಡಾಗಿ ಓಡಾಡುತ್ತವೆ. ಒಂದೇ ಜಾಗ ನಾಲ್ಕು ಸಲ, ಇನ್ನೊಂದು ಜಾಗ ಒಂದು ಸಲವೂ ಇಲ್ಲ. ಅಟ್ಟ ಸೇರುವುದು ಜಾಸ್ತಿ ಇಂಥವೇ. ನಕ್ಷೆ ಇದ್ದರೆ "ಇವತ್ತು ಹಾಲ್ ಮಾತ್ರ", "ದೇವರ ಮನೆ ಮುಂದೆ ಹೋಗಬೇಡ" ಅಂತ ಮೊಬೈಲಲ್ಲಿ ಗೆರೆ ಎಳೆದು ಹೇಳಬಹುದು. ನೆಲದ ಮೇಲೆ ದೀಪ ಇಡುವ ಮನೆಯಾದರೆ ಆ ಗೆರೆ ಮೊದಲ ದಿನವೇ ಎಳೆಯಿರಿ. ಬಾಗಿಲ ರಂಗೋಲಿಗೂ ಅಷ್ಟೇ. ಅದಕ್ಕೆ ರಂಗೋಲಿ ಪುಡಿಯೂ ಕಸವೇ.

ಅಂಗಡಿಯವರು ಪ್ಯಾಸ್ಕಲ್ ಲೆಕ್ಕ ಹೇಳುತ್ತಾರೆ. ಹೀರುವ ಶಕ್ತಿ ಐದು ಸಾವಿರ, ಹತ್ತು ಸಾವಿರ ಅಂತ. ಅಷ್ಟು ಬೇಕಾಗುವುದು ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವ ಮನೆಗಳಿಗೆ. ನಮ್ಮ ಟೈಲ್ಸಿಗೆ 3000 ಇದ್ದರೆ ಧಾರಾಳವಾಯಿತು.

ಒರೆಸುವ ವಿಷಯಕ್ಕೆ ಬಂದರೆ, ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ನಿಮ್ಮ ಬಜೆಟ್ಟಿನವು ಹೆಚ್ಚಾಗಿ ಹಿಂದೆ ಒಂದು ಒದ್ದೆ ಬಟ್ಟೆ ಎಳೆದುಕೊಂಡು ಹೋಗುತ್ತವೆ ಅಷ್ಟೇ. ಧೂಳಿನ ತೆಳು ಪದರ ಹೋಗುತ್ತದೆ. ಸಾರು ಚೆಲ್ಲಿ ಒಣಗಿದ ಕಲೆ, ಒಲೆ ಮುಂದಿನ ಎಣ್ಣೆ ಜಿಡ್ಡು ಹೋಗುವುದಿಲ್ಲ. ಮಂಡಿಯೂರಿ ಉಜ್ಜುವುದಕ್ಕೆ ಇದು ಸಮ ಅಲ್ಲ. ಫಿನಾಯಿಲ್ ಅದರ ಟ್ಯಾಂಕಿಗೆ ಹಾಕಬೇಡಿ, ಒಳಗಿನ ಸಣ್ಣ ನಳಿಕೆಗಳು ಹಾಳಾಗುತ್ತವೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೂ ಬೇಡ. ಬಕೆಟ್ಟಿಗೆ ಬಿಳಿ ಹುಡಿ ಕಟ್ಟುತ್ತದಲ್ಲ, ಅದೇ ಇದರೊಳಗೂ ಕಟ್ಟುತ್ತದೆ. ನನ್ನದು ಎಂಟನೇ ತಿಂಗಳಿಗೆ ನೀರು ಬಿಡುವುದನ್ನೇ ನಿಲ್ಲಿಸಿತು. ವಿನೆಗರ್ ಬೆರೆಸಿದ ನೀರಲ್ಲಿ ನೆನೆಹಾಕಿ ಹೇಗೋ ಸರಿಮಾಡಿದೆ. ಅಲ್ಲಿಂದ ಕುಡಿಯುವ ಫಿಲ್ಟರ್ ನೀರನ್ನೇ ಹಾಕುತ್ತಿದ್ದೇನೆ.

ಇದಕ್ಕೆ ನಾವೂ ಸೇವೆ ಮಾಡಬೇಕು ಅನ್ನುವುದನ್ನು ಜಾಹೀರಾತಿನಲ್ಲಿ ಯಾರೂ ಹೇಳುವುದಿಲ್ಲ. ಡಬ್ಬಿ ದಿನಾ ಅಥವಾ ಎರಡು ದಿನಕ್ಕೊಮ್ಮೆ ಖಾಲಿ ಮಾಡಬೇಕು. ಭಾನುವಾರ ಹತ್ತು ನಿಮಿಷ ತಲೆಕೆಳಗು ಮಾಡಿ ಬ್ರಷ್ಷಿಗೆ ಸುತ್ತಿದ ಕೂದಲು ಕತ್ತರಿಸಿ ತೆಗೆಯಬೇಕು. ಉದ್ದ ಕೂದಲಿನ ಇಬ್ಬರು ಇರುವ ಮನೆ ನಮ್ಮದು, ಬರುವುದು ಒಂದು ಜಡೆಯಷ್ಟು. ಮಲ್ಲಿಗೆ ಕಟ್ಟಿದ ದಾರ ಇನ್ನೂ ಕಷ್ಟ. ಎಸಳೆಲ್ಲ ಡಬ್ಬಿಗೆ ಹೋಗಿ ದಾರ ಮಾತ್ರ ಅಚ್ಚಿನ ಒಳಗೆ ಬಿಗಿದುಕೊಂಡಿರುತ್ತದೆ. ಬಾಲ್ಯದಲ್ಲಿ ಹೊಲಿಗೆ ಮಿಷನ್ನಿಗೆ ಸಿಕ್ಕಿದ ನೂಲು ಬಿಡಿಸಿದ ಅನುಭವ ಇದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಸಣ್ಣ ಕಥೆಯೊಂದು ನಡುವೆ ಹೇಳಿಬಿಡುತ್ತೇನೆ. ಮೊದಮೊದಲು ನಾವು ಇದನ್ನು ರಾತ್ರಿ ಎಂಟಕ್ಕೆ ಓಡಿಸುತ್ತಿದ್ದೆವು. ಅಮ್ಮ ಬಂದಿದ್ದಾಗ ಗಾಬರಿಯಾದರು. ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆ ಅಂತ ನಮ್ಮ ಕಡೆ ಗಟ್ಟಿ ನಂಬಿಕೆ. ಗುಡಿಸಲೇಬೇಕಾಗಿ ಬಂದರೆ ಕಸವನ್ನು ಮೂಲೆಯಲ್ಲೇ ಇಟ್ಟು ಬೆಳಗ್ಗೆ ಹೊರಗೆ ಹಾಕುತ್ತಾರೆ. ಅಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದರು, "ಕಸ ಹೊರಗೆ ಹಾಕಲ್ಲ ಅಲ್ವಾ ಅದು? ಹೊಟ್ಟೆಯಲ್ಲೇ ಇಟ್ಕೊಳತ್ತಲ್ಲ? ಹಾಗಾದ್ರೆ ಅಡ್ಡಿಯಿಲ್ಲ." ತೀರ್ಪು ನಮ್ಮ ಪರವಾಗಿಯೇ ಬಂತು. ಆದರೂ ಟಿವಿ ಕೇಳಿಸದಷ್ಟು ಸದ್ದು ಮಾಡುತ್ತದೆ ಅಂತ ಹಗಲಿಗೆ ಬದಲಾಯಿಸಿಕೊಂಡೆವು.

ದುಡ್ಡಿನ ಲೆಕ್ಕ ಹೇಳುತ್ತೇನೆ. ನಾವು ಕೊಟ್ಟದ್ದು 25 ಸಾವಿರ. ಬ್ರಷ್, ಫಿಲ್ಟರ್, ಒರೆಸುವ ಬಟ್ಟೆಗೆ ಈವರೆಗೆ ನಾಲ್ಕೂವರೆ ಸಾವಿರ ಆಗಿದೆ. ಈ ವರ್ಷ ಬ್ಯಾಟರಿ ಇಳಿದು ಅರ್ಧ ಮನೆಗೇ ಸುಸ್ತಾಗುತ್ತಿತ್ತು, ಹೊಸದಕ್ಕೆ ಮೂರು ಸಾವಿರ. ಇದುವರೆಗಿನ 40 ತಿಂಗಳಿಗೆ ಹಂಚಿದರೆ ತಿಂಗಳಿಗೆ 800 ರೂಪಾಯಿ ಚಿಲ್ಲರೆ. ಕರೆಂಟ್ ಲೆಕ್ಕಕ್ಕೇ ಇಲ್ಲ. ಬ್ಯಾಟರಿ 75 ವ್ಯಾಟ್ ಅವರ್‌ನದು, ದಿನಾ ತುಂಬಿಸಿದರೂ ತಿಂಗಳಿಗೆ ಎರಡು ಮೂರು ಯೂನಿಟ್.

ಮನೆಕೆಲಸಕ್ಕೆ ಬರುವ ಅಕ್ಕನನ್ನು ನಾವು ಬಿಡಿಸಲಿಲ್ಲ. ಪಾತ್ರೆ ಯಾರು ತೊಳೆಯುತ್ತಾರೆ? ಜೇಡರ ಬಲೆ, ಕಿಟಕಿ ಕಂಬಿ, ಫ್ಯಾನ್ ರೆಕ್ಕೆ, ಬಾತ್‌ರೂಮ್, ಯಾವುದನ್ನೂ ಇದು ಮುಟ್ಟುವುದಿಲ್ಲ. ಅಕ್ಕನಿಗೆ ಮೊದಲು ಇದನ್ನು ಕಂಡರೆ ಅನುಮಾನ ಇತ್ತು, ಸಂಬಳ ಕಡಿಮೆ ಮಾಡುತ್ತೇವೆ ಅಂತ. ಮಾಡಲಿಲ್ಲ. ದಿನಾ ಗುಡಿಸಿ ಒರೆಸುವುದರ ಬದಲು ವಾರಕ್ಕೆರಡು ಸಲ ಚೆನ್ನಾಗಿ ನೆಲ ಉಜ್ಜುವುದು, ಉಳಿದ ದಿನ ಕಿಟಕಿ, ಗೋಡೆ, ಫ್ಯಾನ್ ಅಂತ ಮಾತಾಡಿಕೊಂಡೆವು. ಈಗ ಅವರೇ ಬಂದ ತಕ್ಷಣ ವೈರು ಎತ್ತಿಟ್ಟು, ಕುರ್ಚಿ ಸರಿಸಿ ಇದಕ್ಕೆ ದಾರಿ ಮಾಡುತ್ತಾರೆ. ಅವರು ನಾಲ್ಕು ದಿನ ಊರಿಗೆ ಹೋದರೆ ಮನೆ ಮೊದಲಿನಷ್ಟು ಹಾಳಾಗುವುದಿಲ್ಲ. ನೀವು ಹೇಳುವ "ಉಪಯೋಗ" ಬಹುಶಃ ಇಲ್ಲೇ ಇರುವುದು.

ಕಂಪನಿ ವಿಷಯ ಸ್ವಲ್ಪ ನೋಡಿಕೊಳ್ಳಿ. ನೀಟೋ ಅನ್ನುವ ಕಂಪನಿ 2023ರಲ್ಲಿ ಮುಚ್ಚಿತು. ರೂಂಬಾ ಮಾಡಿದ ಐರೋಬಾಟೇ 2025ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಆ್ಯಪ್ ನಿಂತರೂ ಮೈಮೇಲಿನ ಬಟನ್ ಒತ್ತಿದರೆ ಓಡುವಂಥದ್ದಿರಲಿ. ಬ್ಯಾಟರಿ ಇಲ್ಲಿ ಸಿಗುತ್ತದಾ, ಸರ್ವಿಸ್ ಬೆಂಗಳೂರಲ್ಲೇ ಇದೆಯಾ ಅಂತ ಫೋನ್ ಮಾಡಿ ಕೇಳಿ. ಕ್ಯಾಮೆರಾ ಇರುವುದು ನನಗಂತೂ ಬೇಡ. ಪರೀಕ್ಷೆಗೆ ಅಂತ ಕೆಲವರ ಮನೆಯಲ್ಲಿ ಓಡಿಸಿದ ಯಂತ್ರಗಳು ತೆಗೆದ ಫೋಟೋ, ಬಾತ್‌ರೂಮಿನಲ್ಲಿದ್ದ ಹೆಂಗಸಿನದೂ ಸೇರಿ, ಇಂಟರ್ನೆಟ್ಟಿಗೆ ಬಂದ ಸುದ್ದಿ 2022ರಲ್ಲಿ ಹೊರಬಿದ್ದಿತ್ತು. ಲಿಡಾರ್ ಗೋಡೆ ಮಾತ್ರ ನೋಡುತ್ತದೆ, ನಮ್ಮ ಮುಖ ಅಲ್ಲ.

ತಾನೇ ಕಸ ಖಾಲಿ ಮಾಡಿ, ಒರೆಸುವ ಬಟ್ಟೆ ತೊಳೆದು ಒಣಗಿಸುವ ದೊಡ್ಡ ಡಾಕ್ (ಯಂತ್ರ ಚಾರ್ಜಿಗೆ ಕೂರುವ ಜಾಗ) ಇರುವವು ಸಾಮಾನ್ಯವಾಗಿ ನಿಮ್ಮ ಬಜೆಟ್ ಮೀರುತ್ತವೆ. ಎರಡು ಬೆಡ್‌ರೂಮಿಗೆ ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಅದರ ಕೊಳೆನೀರಿನ ಟ್ಯಾಂಕ್ ಮರೆತು ಮೂರು ದಿನ ಊರಿಗೆ ಹೋಗಿ ಬಂದವರನ್ನು ಕೇಳಿ ನೋಡಿ, ವಾಸನೆ ಬಗ್ಗೆ ಹೇಳುತ್ತಾರೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಸ್ಕೇಲ್ ತಗೊಂಡು ಸೋಫಾ, ಮಂಚ, ಟಿವಿ ಸ್ಟ್ಯಾಂಡ್ ಕೆಳಗೆ ಎಷ್ಟು ಸಂದು ಇದೆ ಅಳೆಯಿರಿ. ಗೋಪುರ ಇರುವ ಯಂತ್ರದ ಎತ್ತರ ಸುಮಾರು ಹತ್ತು ಸೆಂಟಿಮೀಟರ್. ಹನ್ನೊಂದು ಇದ್ದರೆ ನೆಮ್ಮದಿ. ಒಂಬತ್ತೂವರೆ ಇದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ. ಆ ಅಳತೆ, ಬಾಲ್ಕನಿ ಬಾಗಿಲ ಹಳಿಯ ಎತ್ತರ, ಮನೆಯಲ್ಲಿ ಉದ್ದ ಕೂದಲಿನವರು ಎಷ್ಟು ಜನ, ಇಷ್ಟನ್ನು ಇಲ್ಲಿ ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.