ಸೀಟಿಂಗ್ ಪಜಲ್‌ಗೆ ಕೊನೆಯಲ್ಲಿ ಕೈ ಹಾಕಿ

ಬ್ಯಾಂಕ್ ಕ್ಲರ್ಕ್ ನೇಮಕಾತಿಯ ಮೊದಲ ಹಂತದ ಪರೀಕ್ಷೆಯಾದ ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್ ರೀಸನಿಂಗ್‌ನಲ್ಲಿ ಯಾರು ಎಲ್ಲಿ ಕೂತಿದ್ದಾರೆ ಅಂತ ಹುಡುಕುವ ಸೀಟಿಂಗ್ ಪಜಲ್‌ಗೇ ಟೈಮ್ ಎಲ್ಲ ಹೋಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. 35 ಪ್ರಶ್ನೆಗೆ ಇರುವುದು 20 ನಿಮಿಷ ಅಲ್ವಾ? ಹಾಗಾಗಿ ಇನೀಕ್ವಾಲಿಟಿ (ಹೆಚ್ಚು-ಕಡಿಮೆ ಚಿಹ್ನೆಗಳ ಹೋಲಿಕೆ), ಸಿಲಾಜಿಸಂ (ಹೇಳಿಕೆಗಳಿಂದ ತೀರ್ಮಾನ), ದಿಕ್ಕು, ರಕ್ತಸಂಬಂಧ ಮೊದಲು ಮುಗಿಸಿಬಿಡಿ.

ಪಜಲ್‌ನಲ್ಲಿ ಸುಳಿವುಗಳನ್ನು ಕೊಟ್ಟ ಕ್ರಮದಲ್ಲೇ ಹಿಡಿದು ಹೋಗಬೇಡಿ. ದುಂಡು ಮೇಜಿನ ಸುತ್ತ 8 ಜನ, ಎಲ್ಲರ ಮುಖ ಒಳಗೆ ಅಂದುಕೊಳ್ಳಿ. ‘ಎ ಪಕ್ಕದಲ್ಲಿ ಬಿ ಇಲ್ಲ’ ಅನ್ನುವುದು ಮೊದಲ ಸಾಲಿನಲ್ಲೇ ಇದ್ದರೂ ಸದ್ಯಕ್ಕೆ ಬಿಡಿ. ‘ಸಿ, ಡಿ ಎದುರುಬದುರು’, ‘ಡಿಯ ಎಡಕ್ಕೆ ಮೂರನೆಯವರು ಇ’, ಇಂಥ ಖಚಿತ ಸುಳಿವುಗಳನ್ನು ಮೊದಲು ಕೂರಿಸಿ. ಒಳಮುಖವಾಗಿ ಕೂತವರಿಗೆ ಎಡ ಅಂದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕು. ಗಡಿಬಿಡಿಯಲ್ಲಿ ಇದು ತಪ್ಪಿದರೆ ಆ ಪಜಲ್‌ನ ಪ್ರಶ್ನೆಗಳ ಇಡೀ ಸೆಟ್ಟೇ ಹೋಗುತ್ತದೆ. ಎರಡು ಸಾಧ್ಯತೆ ಬಂದರೆ ಅಕ್ಕಪಕ್ಕ ಎರಡು ಚಿತ್ರ ಬರೆಯಿರಿ, ಅಳಿಸಿ ತಿದ್ದಬೇಡಿ.

ಸುಮ್ನೆ ಊಹಿಸಿ ಟಿಕ್ ಮಾಡಲೂಬೇಡಿ, ತಪ್ಪಿಗೆ ಕಾಲು ಅಂಕ ಕಟ್. ಮನೆಯಲ್ಲಿ ಬಿಡಿಸುವಾಗ ಉತ್ತರ ನೋಡಿ ಮುಂದಿನದಕ್ಕೆ ಹಾರಬೇಡಿ. ಮಾರನೇ ದಿನ ಅದೇ ಪಜಲನ್ನು ಖಾಲಿ ಹಾಳೆಯಲ್ಲಿ ಮತ್ತೆ ಬಿಡಿಸಿ. ಅಂದಹಾಗೆ, ಈ ಪರೀಕ್ಷೆ ಕನ್ನಡದಲ್ಲೂ ಇದೆ. ಅದರಲ್ಲೇ ಬರೆಯುವುದಾದರೆ ಅಭ್ಯಾಸವನ್ನೂ ಕನ್ನಡದಲ್ಲೇ ಮಾಡಿ.