ಸಂಪಾದಕರ ಉತ್ತರ: ‘ಬಂದು ನೋಡಿ ಹೇಳ್ತೀವ್ರಿ’

ಧಾರವಾಡದ ಮಾಳಮಡ್ಡಿಯಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರಕ್ಕೆ ಈ ಸಲ ತುಸು ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ. ಹೆಸರನ್ನು ಪ್ರಕಟಿಸಬಾರದೆಂದು ಅವರು ಕೋರಿದ್ದಾರೆ. ಅವರು ಬರೆದದ್ದರ ಸಾರಾಂಶ ಇದು.

ಭಾನುವಾರ ಬೆಳಿಗ್ಗೆ, ಐದು ದಿನಗಳ ನಂತರ, ನಳಕ್ಕೆ ನೀರು ಬಂದು ಸಂಪು ತುಂಬಿತು. ಮೋಟರು ತಿರುಗುತ್ತಿದ್ದರೂ ಮೇಲಿನ ಟಾಕಿಗೆ ಹನಿ ನೀರೂ ಏರಲಿಲ್ಲ. ಮೊಬೈಲಿನಲ್ಲಿ ಹುಡುಕಿ, ಧಾರವಾಡದ್ದೆಂದು ತೋರಿಸಿದ ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿ ‘ಎಷ್ಟಾಗಬಹುದು?’ ಎಂದು ಕೇಳಿದರೆ, ‘ಬಂದು ನೋಡಿ ಹೇಳ್ತೀವ್ರಿ ಸರ’ ಎಂಬ ಉತ್ತರ ಬಂತು. ಮಧ್ಯಾಹ್ನ ಹುಬ್ಬಳ್ಳಿಯಿಂದ ಬೈಕಿನ ಮೇಲೆ ಒಬ್ಬ ಹುಡುಗ ಬಂದ. ಪಂಪಿನ ನೆತ್ತಿಯ ಮೇಲಿದ್ದ ಪ್ಲಗ್ಗನ್ನು ಪಾನಾ ಹಾಕಿ ತಿರುವಿ ತೆಗೆದು, ಎರಡು ತಂಬಿಗೆ ನೀರು ಸುರಿದು, ಗುಳ್ಳೆ ಏಳುವುದು ನಿಂತ ಮೇಲೆ ಬಿಗಿ ಮಾಡಿ ಮೋಟರು ಹಚ್ಚಿದ, ನೀರು ಏರಿತು. ಹದಿನೈದು ನಿಮಿಷದ ಕೆಲಸ. ಬಿಳಿ ಹಾಳೆಯ ಮೇಲೆ ಬರೆದುಕೊಟ್ಟ ಚೀಟಿಯಲ್ಲಿ ವಿಜಿಟ್ ಚಾರ್ಜು 500, ಭಾನುವಾರದ ಹೆಚ್ಚುವರಿ 200, ಕೂಲಿ 250, ಜಿಎಸ್‌ಟಿ 171, ಒಟ್ಟು 1,121 ರೂಪಾಯಿ ಎಂದಿತ್ತು. ‘ರೊಕ್ಕ ಇಸಗೊಂಡು ಹೋಗದಿದ್ರ ಮಾಲಕರು ನನ್ನ ಪಗಾರದಾಗ ಮುರಕೋತಾರ್ರಿ’ ಎಂದು ಹುಡುಗ ಹೇಳಿದ್ದರಿಂದ ಇವರು ಹಣ ಕೊಟ್ಟು ಕಳಿಸಿದರು. ಅಂದೇ ಸಂಜೆ ಅಂಗಡಿಗೆ ವಾಟ್ಸಾಪಿನಲ್ಲಿ ಆಕ್ಷೇಪ ಬರೆದಾಗ ಬಂದ ಉತ್ತರ ಒಂದೇ ಸಾಲು: ‘ಇದು ನಮ್ಮ ರೇಟು.’ ಒಂದು ಸ್ಕ್ರೂ ಕೂಡ ಬದಲಿಸದ ಕೆಲಸಕ್ಕೆ ಇಷ್ಟು ಕೇಳುವುದು ಹಗಲು ದರೋಡೆಯಲ್ಲವೇ, ಪೂರ್ತಿ ಹಣ ವಾಪಸು ಪಡೆಯಬಹುದೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ನಿಮಗೆ ಅನ್ಯಾಯವಾಗಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅನ್ಯಾಯ ಇರುವುದು ನೀವು ಬೆರಳು ತೋರಿಸಿದ ಕಡೆಯಲ್ಲಲ್ಲ. ಹದಿನೈದು ನಿಮಿಷವಾಯಿತು, ಸಾಮಾನು ಏನೂ ಬದಲಾಗಲಿಲ್ಲ ಎಂಬ ವಾದವನ್ನು ದಯವಿಟ್ಟು ಕೈಬಿಡಿ. ಪಂಪು ಗಾಳಿ ಹಿಡಿದಿದೆ, ಅಂದರೆ ಒಳಗೆ ಗಾಳಿ ಸೇರಿ ನೀರು ಎಳೆಯುತ್ತಿಲ್ಲ, ಮೋಟರು ಕೆಟ್ಟಿಲ್ಲ ಎಂದು ಸದ್ದಿನಲ್ಲೇ ಗುರುತಿಸುವ ತಿಳಿವಳಿಕೆಗೆ ಆ ಹುಡುಗ ವರ್ಷಗಳನ್ನು ತೆತ್ತಿರುತ್ತಾನೆ. ಅದೇ ಹುಡುಗ ಕಪಾಸಿಟರ್ ಹೋಗಿದೆ, ವೈಂಡಿಂಗ್ ಸುಟ್ಟಿದೆ ಎಂದು ಹೇಳಿ ಮೋಟರನ್ನು ಬಿಚ್ಚಿಕೊಂಡು ಹೋಗಿದ್ದರೆ, ನೀವು ಎರಡು ದಿನ ಕೊಡ ಹೊತ್ತು, ಇದರ ಮೂರು ಪಟ್ಟು ಹಣವನ್ನು ಗೊಣಗದೆ ಕೊಡುತ್ತಿದ್ದಿರಿ. ಇದ್ದದ್ದನ್ನು ಇದ್ದಹಾಗೆ ಹೇಳಿ, ಇದ್ದಲ್ಲೇ ಸರಿ ಮಾಡಿದವನಿಗೆ 250 ರೂಪಾಯಿ ಕೂಲಿ ನ್ಯಾಯವಾದದ್ದೇ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರು. ಹೋಗಿ ಬರುವ ಪೆಟ್ರೋಲಿಗೂ ಅರ್ಧ ದಿನಕ್ಕೂ ಬೆಲೆ ಇಲ್ಲವೆಂದು ಯಾರೂ ಹೇಳಲಾರರು. 1872ರ ಭಾರತೀಯ ಒಪ್ಪಂದ ಕಾಯ್ದೆಯ 70ನೆಯ ಕಲಂ ಕೂಡ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ನ್ಯಾಯಬದ್ಧವಾಗಿ ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ ಅದಕ್ಕೆ ಪರಿಹಾರ ಕೊಡಬೇಕು ಎನ್ನುತ್ತದೆ. ಆದ್ದರಿಂದ ಪೂರ್ತಿ ಹಣ ವಾಪಸು ಕೇಳುವುದು ಸರಿಯಲ್ಲ, ಕೇಳಿದರೆ ನಿಮ್ಮ ಪಕ್ಷವೇ ದುರ್ಬಲವಾಗುತ್ತದೆ.

ನನ್ನ ತಕರಾರು ಇರುವುದು ‘ಬಂದು ನೋಡಿ ಹೇಳ್ತೀವ್ರಿ’ ಎಂಬ ಮಾತಿನ ಮೇಲೆ. ನಮ್ಮ ಕಡೆ ಈ ಮಾತು ಎಷ್ಟು ಬಳಕೆಯಲ್ಲಿದೆಯೆಂದರೆ, ಅದರಲ್ಲಿ ಏನು ಅಡಗಿದೆ ಎಂಬುದು ಕಿವಿಗೆ ಬೀಳುವುದೇ ಇಲ್ಲ. ರಿಪೇರಿಯ ಖರ್ಚಿನ ಮಟ್ಟಿಗೆ ಅದು ಪ್ರಾಮಾಣಿಕ ಮಾತೇ. ಯಂತ್ರವನ್ನು ನೋಡದೆ ಯಾರೂ ಲೆಕ್ಕ ಹೇಳಲಾರರು. ಆದರೆ ಬರುವುದಕ್ಕೇ ಎಷ್ಟು ಎಂಬುದು ನೋಡಿ ತಿಳಿಯುವ ಸಂಗತಿಯಲ್ಲ. ಅಂದು ಭಾನುವಾರ ಎಂಬುದು, ಹುಡುಗ ಹುಬ್ಬಳ್ಳಿಯಿಂದ ಹೊರಡುತ್ತಾನೆ ಎಂಬುದು, ವಿಜಿಟ್ ಚಾರ್ಜು 500 ಎಂಬುದು ಫೋನ್ ಎತ್ತಿದವರಿಗೆ ಆ ಕ್ಷಣದಲ್ಲೇ ಗೊತ್ತಿತ್ತು, ಮತ್ತು ನೀವು ಬಾಯಿಬಿಟ್ಟು ಕೇಳಿಯೂ ಇದ್ದಿರಿ. ಕೇಳಿದಾಗ ಹೇಳದ ದರವನ್ನು ಕೆಲಸ ಮುಗಿದ ಮೇಲೆ ಚೀಟಿಯಲ್ಲಿ ಬರೆದರೆ, ಅದು ಒಬ್ಬರೇ ಕುಳಿತು ಮಾಡಿಕೊಂಡ ಒಪ್ಪಂದವಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕರ ಹಕ್ಕುಗಳಲ್ಲಿ ಸೇವೆಯ ಬೆಲೆಯನ್ನು ತಿಳಿಯುವ ಹಕ್ಕನ್ನೂ ಸೇರಿಸಿದೆ.

ಇನ್ನು ಚೀಟಿಯ ವಿಚಾರ. ಅದರ ಫೋಟೋ ಕಳಿಸಿ ಒಳ್ಳೆಯದು ಮಾಡಿದಿರಿ. ಅದರಲ್ಲಿ ಅಂಗಡಿಯ ಹೆಸರಿಲ್ಲ, ವಿಳಾಸವಿಲ್ಲ, ಕ್ರಮಸಂಖ್ಯೆಯಿಲ್ಲ. 2020ರ ಗ್ರಾಹಕ ಸಂರಕ್ಷಣಾ ಸಾಮಾನ್ಯ ನಿಯಮಗಳ ಪ್ರಕಾರ ಸೇವೆಗೆ ಕೊಡುವ ರಸೀದಿಯಲ್ಲಿ ಇವೆಲ್ಲ ಇರಲೇಬೇಕು, ಮತ್ತು ಸರಿಯಾದ ರಸೀದಿ ಕೊಡದಿರುವುದನ್ನು ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಇರಿಸಿದೆ. ಅದಕ್ಕಿಂತ ಮುಖ್ಯವಾಗಿ, 950 ರೂಪಾಯಿಗೆ ಶೇಕಡಾ 18ರಂತೆ 171 ರೂಪಾಯಿ ತೆರಿಗೆಯನ್ನು ಸರಿಯಾಗಿ ಲೆಕ್ಕ ಹಾಕಿ ಸೇರಿಸಿದ್ದಾರಾದರೂ ಜಿಎಸ್‌ಟಿ ನಂಬರು ಎಲ್ಲಿಯೂ ಕಾಣುವುದಿಲ್ಲ. ಆ ನಂಬರಿಗೆ 15 ಅಕ್ಷರ-ಅಂಕಿಗಳಿರುತ್ತವೆ, ಕರ್ನಾಟಕದ್ದು 29ರಿಂದ ಆರಂಭವಾಗುತ್ತದೆ, ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ಹಾಕಿ ಅಂಗಡಿಯ ಹೆಸರನ್ನು ತಾಳೆ ನೋಡಬಹುದು. ನೋಂದಣಿ ಇಲ್ಲದವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಸರಕಾರಕ್ಕೆಂದು ಹೇಳಿ ಪಡೆದು ಜೇಬಿಗಿಳಿಸುವ ಹಣದ ವಿಷಯದಲ್ಲಿ ನನಗೆ ಯಾವ ರಾಜಿಯೂ ಇಲ್ಲ. ನಂಬರು ತೋರಿಸಿದರೆ ತೆರಿಗೆ ಅವರದು, ತೋರಿಸದಿದ್ದರೆ ಆ ಹಣ ನಿಮ್ಮದು.

ಹಾಗಾದರೆ ಎಷ್ಟು ಕೇಳಬೇಕು? ನನ್ನ ಅಭಿಪ್ರಾಯದಲ್ಲಿ ಕೂಲಿ 250 ಅವರಿಗೇ ಇರಲಿ. ಮುಂಚಿತವಾಗಿ ಹೇಳದ ಭಾನುವಾರದ 200, ನಂಬರಿಲ್ಲದ ತೆರಿಗೆಯ 171, ಒಟ್ಟು 371 ರೂಪಾಯಿಯನ್ನು ಖಚಿತವಾಗಿ ವಾಪಸು ಕೇಳಿ. ವಿಜಿಟ್ ಚಾರ್ಜಿನ 500ರ ಬಗ್ಗೆ ಮಾತ್ರ ಮಾತುಕತೆಗೆ ಅವಕಾಶವಿರಲಿ. ನಿಮ್ಮ ಓಣಿಗೆ ಬರುವ ಇಬ್ಬರು ಮೂವರು ಪ್ಲಂಬರರನ್ನು ವಿಚಾರಿಸಿ, ಅವರು ಧಾರವಾಡದೊಳಗೆ ಬರಲು ಎಷ್ಟು ತೆಗೆದುಕೊಳ್ಳುತ್ತಾರೋ ಅಷ್ಟನ್ನು ಒಪ್ಪಿಕೊಂಡು ಉಳಿದದ್ದನ್ನು ಕೇಳಿ. ಧಾರವಾಡದ ಅಂಗಡಿ ಎಂದು ತೋರಿಸಿಕೊಂಡು ಹುಬ್ಬಳ್ಳಿಯ ದಾರಿ ಖರ್ಚನ್ನು ನಿಮ್ಮ ಮೇಲೆ ಹೇರುವುದು ಸಲ್ಲದು.

ಹಣ ಕೊಟ್ಟುಬಿಟ್ಟೆನಲ್ಲ, ಇನ್ನೇನು ಎಂದು ಕೈಚೆಲ್ಲಬೇಡಿ. ಅಂದೇ ಸಂಜೆ ಬರೆದ ವಾಟ್ಸಾಪ್ ಸಂದೇಶವೇ ನೀವು ಒಪ್ಪಿ ಕೊಟ್ಟಿಲ್ಲ ಎಂಬುದಕ್ಕೆ ಸಾಕ್ಷಿ. ಅದನ್ನು ಅಳಿಸಬೇಡಿ, ಹಣ ಕಳಿಸಿದ ದಾಖಲೆ, ಚೀಟಿ, ಫೋನ್ ಕರೆಯ ದಿನಾಂಕ ಮತ್ತು ವೇಳೆ, ಇವೆಲ್ಲವನ್ನು ಒಂದೆಡೆ ಇಡಿ. ಅನಂತರ ಮಾಲೀಕರಿಗೇ, ಹುಡುಗನಿಗಲ್ಲ, ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ. ಅದರಲ್ಲಿ ಹೀಗೆ ಬರೆಯಬಹುದು: ‘ಫೋನಿನಲ್ಲಿ ದರ ವಿಚಾರಿಸಿದಾಗ ವಿಜಿಟ್ ಚಾರ್ಜನ್ನಾಗಲಿ ಭಾನುವಾರದ ಹೆಚ್ಚುವರಿಯನ್ನಾಗಲಿ ನೀವು ತಿಳಿಸಲಿಲ್ಲ. ನಿಮ್ಮ ಕೆಲಸಗಾರರ ಕೆಲಸದ ಬಗ್ಗೆ ನನ್ನ ದೂರಿಲ್ಲ, ಅವರ ಕೂಲಿಯನ್ನು ಪೂರ್ತಿ ಒಪ್ಪಿದ್ದೇನೆ. ಜಿಎಸ್‌ಟಿ ನಂಬರು ಇರುವ ರಸೀದಿಯನ್ನು ಕಳಿಸಿ, ಇಲ್ಲವೇ ತೆರಿಗೆಯ ಹಣವನ್ನು, ಅದರೊಂದಿಗೆ ಭಾನುವಾರದ 200 ರೂಪಾಯಿಯನ್ನು 15 ದಿನಗಳೊಳಗೆ ಹಿಂತಿರುಗಿಸಿ. ವಿಜಿಟ್ ಚಾರ್ಜಿನ ಬಗ್ಗೆ ಮಾತನಾಡಲು ಸಿದ್ಧನಿದ್ದೇನೆ.’ ಹಗಲು ದರೋಡೆ ಎಂಬ ಶಬ್ದ ಇದರಲ್ಲಿ ಬೇಡ. ಹುಡುಗನ ಪಗಾರದಲ್ಲಿ ಈ ಹಣವನ್ನು ಮುರಿಯಬಾರದು ಎಂದು ಮಾತ್ರ ಸ್ಪಷ್ಟವಾಗಿ ಸೇರಿಸಿ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಅವನ ಆ ಮಾತೇ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಅವರು ಆದೇಶ ಹೊರಡಿಸುವವರಲ್ಲ, ನಡುವೆ ನಿಂತು ಅಂಗಡಿಯವರಿಗೆ ದೂರು ತಲುಪಿಸುವವರು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಘಟನೆ ನಡೆದ ಎರಡು ವರ್ಷಗಳೊಳಗೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. 371 ರೂಪಾಯಿಗಾಗಿ ಅಲ್ಲಿಯವರೆಗೆ ಹೋಗಬೇಕೆ ಎಂಬುದನ್ನು ನೀವೇ ನಿರ್ಧರಿಸಬೇಕು. ನಾನಾಗಿದ್ದರೆ ಸಹಾಯವಾಣಿಯವರೆಗೆ ಖಂಡಿತ ಹೋಗುತ್ತಿದ್ದೆ. ಅದೇ ನಂಬರಿಗೆ ನಿಮ್ಮಂತೆ ಫೋನ್ ಮಾಡುವ ಹಿರಿಯರು ಊರಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆ.

ಕೊನೆಯದಾಗಿ ಮೋಟರಿನ ಮಾತು. ಸಂಪಿನಲ್ಲಿ ನೀರಿದ್ದೂ ಪಂಪು ಗಾಳಿ ಹಿಡಿಯಿತೆಂದರೆ, ಸಾಮಾನ್ಯವಾಗಿ ಪೈಪಿನ ಕೆಳತುದಿಯಲ್ಲಿ ನೀರು ಹಿಂದಿರುಗದಂತೆ ತಡೆಯುವ ಫುಟ್ ವಾಲ್ವ್ ಕಸ ಸಿಕ್ಕಿ ನೀರನ್ನು ಹಿಡಿದಿಡುತ್ತಿಲ್ಲ, ಇಲ್ಲವೇ ಪೈಪಿನ ಜೋಡಣೆಯಲ್ಲಿ ಎಲ್ಲೋ ಸಡಿಲವಿದೆ. ಅದನ್ನು ಸರಿ ಮಾಡಿಸದಿದ್ದರೆ ಮತ್ತೆ ಇದೇ ತೊಂದರೆ ಬರಬಹುದು. ಮುಂದಿನ ಸಲ ನೀರು ಬರುವ ಮುಂಚೆಯೇ, ಸಂಪು ಖಾಲಿ ಇರುವಾಗ, ಓಣಿಯ ಪ್ಲಂಬರರನ್ನು ಕರೆಸಿ ನೋಡಿಸಿ. ಕರೆಯುವಾಗ ‘ಬರೂದಕ್ಕ ಎಷ್ಟು, ನೋಡಿ ಸುಮ್ನ ಹೋದ್ರ ಎಷ್ಟು?’ ಎಂದು ಫೋನಿನಲ್ಲೇ ಕೇಳಿ, ಅವರು ಹೇಳಿದ ದರವನ್ನು ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಅಂಗಡಿಯವರಿಂದ ಉತ್ತರ ಬಂದರೆ ಅದರ ಪ್ರತಿಯನ್ನು ನಮಗೂ ಕಳಿಸಿ.